ಟ್ಯಾಪ್ ಕಾರ್ಡ್ ಜೋಪಾನ
ಕಾರ್ಡಿನ ಮೇಲೆ ನಾಲ್ಕು ಅಲೆಗೆರೆಗಳಿದ್ದರೆ ಯಂತ್ರದ ಹತ್ತಿರ ಹಿಡಿದರೆ ಸಾಕು, 5,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ಪಾವತಿಯಾಗಬಹುದು. ಬ್ಯಾಂಕ್ ಆ್ಯಪ್‌ನ ಕಾರ್ಡ್ ಸೆಟ್ಟಿಂಗ್ಸ್‌ನಲ್ಲಿ 'ಕಾಂಟ್ಯಾಕ್ಟ್‌ಲೆಸ್' ಆಫ್ ಮಾಡಿ. ಬಳಸುವವರಾದರೆ ಮಿತಿಯನ್ನು 500ಕ್ಕೆ ಇಳಿಸಿ. ಅರ್ಧ ಕೆಲಸ ಇಲ್ಲೇ ಮುಗಿಯಿತು.

ಆದರೆ ಆಫ್ ಮಾಡಿದರೂ ಚಿಪ್ ಸುಮ್ಮನಿರುವುದಿಲ್ಲ. ಬ್ಯಾಂಕ್ ಪಾವತಿ ತಡೆಯುತ್ತದೆ, ಅಷ್ಟೆ. ಕಾರ್ಡ್ ನಂಬರನ್ನು ಕೆಲವು ಸೆಂಟಿಮೀಟರ್ ದೂರದಿಂದ ಓದಬಹುದು. ಹಿಂಬದಿಯ ಗುಪ್ತಸಂಖ್ಯೆ (ಸಿವಿವಿ) ಮಾತ್ರ ಸಿಗದು. ನಂಬರ್ ಓದುವುದನ್ನು ತಡೆಯಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು, ದುಬಾರಿ ಪರ್ಸ್ ಬೇಡ. ಎರಡೂ ಬದಿ ಮುಚ್ಚುವಂತೆ ಸುತ್ತಿ, ಅಂಚು ಮಡಚಿ, ಕಾಗದದ ಕವರಿನಲ್ಲಿಡಿ.

ಎನ್‌ಎಫ್‌ಸಿ (ಇಂಥ ಚಿಪ್ ಹತ್ತಿರದಿಂದ ಓದುವ ಸೌಲಭ್ಯ) ಇರುವ ಫೋನಿನ ಬೆನ್ನಿಗೆ ಕಾರ್ಡ್ ಹಿಡಿದು ನೋಡಿ: ಬರಿಯದಕ್ಕೆ ಸ್ಪಂದಿಸಿ, ಸುತ್ತಿದ್ದಕ್ಕೆ ಸುಮ್ಮನಿರಬೇಕು. ಫಾಯಿಲ್ ಮಡಿಕೆಯಲ್ಲೇ ಹರಿಯುವುದು, ಆಗಾಗ ಬದಲಿಸಿ.

ಮಾಡದ ಪಾವತಿಯ ಎಸ್ಸೆಮ್ಮೆಸ್ ಬಂದರೆ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.