ಕಿರಂಗೂರಿಗೆ ಬಂದರೆ ನಿಲ್ಲುತ್ತಿದ್ದ ಪದ್ಮಿನಿ

ಮೈಸೂರು ರಸ್ತೆಯಲ್ಲಿ ಮಂಡ್ಯ ಬಿಟ್ಟು ತೂಬಿನಕೆರೆ ದಾಟುವವರೆಗೆ ಗಾಡಿಗೆ ಏನೂ ತೊಂದರೆ ಇಲ್ಲ. ಕಿರಂಗೂರು ಹತ್ತಿರವಾಗುತ್ತಿದ್ದ ಹಾಗೆ ನಿಂತುಬಿಡುತ್ತಿತ್ತು. ಕಾಲು ಗಂಟೆ ಬಾನೆಟ್ ಎತ್ತಿಟ್ಟರೆ ಮತ್ತೆ ಸ್ಟಾರ್ಟ್. ಹತ್ತು ನಿಮಿಷ ಓಡಿ ಮತ್ತೆ ಆಫ್. ಎಂಬತ್ತರ ದಶಕದ ಪ್ರೀಮಿಯರ್ ಪದ್ಮಿನಿ, ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರದ್ದು. ಮಗಳ ಮನೆ ಮೈಸೂರಿನಲ್ಲಿ. ತಿಂಗಳಿಗೆ ಎರಡು ಸಲವಾದರೂ ಹೋಗಿಬರುತ್ತಾರೆ.

ನನ್ನ ಹತ್ತಿರ ಬರುವ ಹೊತ್ತಿಗೆ ಮೂರು ಕಡೆ ತೋರಿಸಿ ಆಗಿತ್ತು. ಕಿಡಿ ಹುಟ್ಟಿಸೋ ಕಾಯಿಲ್ ಹೊಸದು, ಕಂಡೆನ್ಸರ್ ಹೊಸದು, ಕಾಯಿಲ್ಲಿನ ಕರೆಂಟ್ ಕೊಟ್ಟು ಬಿಡಿಸೋ ಪಾಯಿಂಟ್ ಹೊಸದು, ಟ್ಯಾಂಕಿನಿಂದ ಪೆಟ್ರೋಲ್ ಎಳೆಯೋ ಎಸಿ ಪಂಪ್ ಹೊಸದು. ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬುರೇಟರ್ ಎರಡು ಸಲ ಬಿಚ್ಚಿದ್ದಾರೆ. ಕೂಲಿಯೂ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೋಗಿದೆ. ಕೊನೆಗೆ ನೋಡಿದವರು ‘ಗುಜರಿಗೆ ಕೊಟ್ಟುಬಿಡಿ’ ಅಂದರಂತೆ. ಮೇಷ್ಟ್ರು ನನ್ನ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತರು. “ನೋಡಪ್ಪ, ಇದು ನಮ್ಮ ಮನೆಯವಳು ಇದ್ದಾಗ ತಗೊಂಡ ಗಾಡಿ. ನೀನೂ ಗುಜರಿ ಮಾತು ಆಡಬೇಡ” ಅಂದರು. ಅವತ್ತೇ ಕೀ ಇಸ್ಕೊಂಡೆ.

ಇಂಥ ಕಾಯಿಲೆ ಶೆಡ್ಡಿನಲ್ಲಿ ಸಿಗೋದಿಲ್ಲ. ಇಂಜಿನ್ ತಣ್ಣಗಾದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟೋದು (ವೇಪರ್ ಲಾಕ್) ನಿಲ್ಲುತ್ತೆ. ಕೆಟ್ಟ ಕಾಯಿಲ್ಲೂ ಸುಧಾರಿಸಿಕೊಳ್ಳುತ್ತೆ. ಟ್ಯಾಂಕ್ ಮುಚ್ಚಳದ ತೂತು ಕಟ್ಟಿದ್ದರೆ ಅಷ್ಟು ಹೊತ್ತಿಗೆ ಗಾಳಿಯೂ ಒಳಗೆ ಸೇರಿಕೊಳ್ಳುತ್ತೆ. ಕಾಯೋದು ಎಲ್ಲ ಕಾಯಿಲೆಗೂ ಮದ್ದು. ಅದಕ್ಕೇ ಯಾವುದು ಅಂತ ಗೊತ್ತಾಗೋದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ‘ಸರಿಹೋಯ್ತು, ವೇಪರ್ ಲಾಕ್’ ಅನ್ನೋರು ಬಹಳ ಜನ. ನಾನೂ ಮೊದಲ ದಿನ ಬಟ್ಟೆ ಹಾಕಿದೆ. ಸ್ಟಾರ್ಟ್ ಆಯಿತು. ಮರುದಿನ ಬಟ್ಟೆ ಹಾಕದೆ ಅಷ್ಟೇ ಹೊತ್ತು ಸುಮ್ನೆ ಕೂತೆ. ಆಗಲೂ ಸ್ಟಾರ್ಟ್ ಆಯಿತು.

ಹಾಗಾಗಿ ನಿಂತ ಜಾಗದಲ್ಲೇ, ನಿಂತ ಎರಡು ನಿಮಿಷದೊಳಗೆ ಹಿಡಿಯಬೇಕು ಅಂತ ಗಟ್ಟಿಮಾಡಿಕೊಂಡೆ. ಮೆಡಿಕಲ್ ಸ್ಟೋರಿನಿಂದ ಗ್ಲೂಕೋಸ್ ಬಾಟಲಿ, ಡ್ರಿಪ್ ಪೈಪು ತಂದೆ. ಬಾಟಲಿಯಲ್ಲಿ ಅರ್ಧ ಲೀಟರ್ ಪೆಟ್ರೋಲ್. ಬಾನೆಟ್ಟಿಗೆ ನೇತುಹಾಕಿ, ಪಂಪ್ ಬಿಟ್ಟು ನೇರವಾಗಿ ಕಾರ್ಬುರೇಟರಿಗೆ ಕೊಡೋದು. ನೋಡಿದ ಗೆಳೆಯರು “ಕಾರ್‌ಗೂ ಜ್ವರನೇನಣ್ಣಾ?” ಅಂದರು. ಅನ್ನಲಿ. ಆದರೆ ಡ್ರಿಪ್ ಪೈಪು ಯಾರೂ ಹಾಕಬೇಡಿ. ಪೆಟ್ರೋಲ್ ಕುಡಿದು ಎರಡೇ ದಿನಕ್ಕೆ ಕಡ್ಡಿಯ ಹಾಗೆ ಸೆಟೆದುಕೊಂಡಿತು. ಒಂದು ಸಲ ನಿಪ್ಪಲ್ಲಿನಿಂದ ಕಳಚಿ, ಬಿಸಿ ಮ್ಯಾನಿಫೋಲ್ಡಿನ ಪಕ್ಕದಲ್ಲೇ ಪೆಟ್ರೋಲ್ ಚೆಲ್ಲಿತು. ಜೀವ ಬಾಯಿಗೆ ಬಂತು. ಆಮೇಲೆ ಆಯಿಲ್ ಟಿನ್ನಿನ ತಳಕ್ಕೆ ನಳಿಕೆ ಬೆಸುಗೆ ಹಾಕಿಸಿ, ಪೆಟ್ರೋಲ್ ಪೈಪು, ಕ್ಲಿಪ್ಪು ಹಾಕಿದೆ. ಬೆಂಕಿ ಆರಿಸೋ ಸಿಲಿಂಡರ್ ಒಂದನ್ನೂ ಡಿಕ್ಕಿಯಲ್ಲಿ ಇಟ್ಟುಕೊಂಡೆ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಟಿನ್ ರೆಡಿಯಾದ ಮೇಲೆ ಗಾಡಿ ಮತ್ತೆ ಕಿರಂಗೂರಿನಲ್ಲಿ ನಿಂತಿತು. ಟಿನ್ ಕಟ್ಟಿದೆ, ಕೀ ತಿರುಗಿಸಿದೆ, ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಅಂದರೆ ಪೆಟ್ರೋಲ್ ಬರ್ತಿಲ್ಲ. ಟಿನ್ನನ್ನು ನೆಲಕ್ಕಿಟ್ಟು ಪಂಪಿನ ಒಳಬಾಯಿಗೆ ಪೈಪು ಹಾಕಿದೆ. ಕೆಳಗೇ ಇಡಬೇಕು, ಎತ್ತರದಲ್ಲಿಟ್ಟರೆ ಪೆಟ್ರೋಲ್ ತಾನಾಗೇ ಇಳಿದು ಪಂಪ್ ಚೆನ್ನಾಗಿದೆ ಅಂತ ಮೋಸ ಮಾಡುತ್ತೆ. ಪಂಪ್ ಎಳೆಯಿತು. ಉಳಿದದ್ದು ಟ್ಯಾಂಕ್ ಕಡೆ. ಮುಚ್ಚಳ ತೆಗೆದರೆ ಉಸ್ ಅನ್ನಲಿಲ್ಲ, ಅಂದರೆ ಅದರ ತೂತು ಕಟ್ಟಿಲ್ಲ. ಸ್ಟೀಲ್ ಪೈಪಿನಿಂದ ಪಂಪಿಗೆ ಬರುವ ಗೇಣುದ್ದದ ರಬ್ಬರ್ ಪೈಪನ್ನು ಬಿಚ್ಚಿ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆ. ಹೊರಗಡೆ ಹೊಚ್ಚಹೊಸದರ ಹಾಗಿದೆ. ಒಳಪದರ ಮಾತ್ರ ನೆನೆಸಿದ ಕಡಲೆಯ ಸಿಪ್ಪೆಯ ಹಾಗೆ ಉಬ್ಬಿ, ಬಿಟ್ಟುಕೊಂಡು ನಿಂತಿದೆ. ಪಂಪ್ ಜೋರಾಗಿ ಎಳೆದಾಗ ಆ ಸಿಪ್ಪೆಯೇ ದಾರಿ ಮುಚ್ಚುತ್ತಿತ್ತು.

ಈಗ ಬರುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್. ಹಳೇ ಗಾಡಿಗಳ ರಬ್ಬರಿಗೆ ಅದು ಆಗಿಬರೋದಿಲ್ಲ. ಕಬ್ಬಿನಿಂದಲೂ ಬರೋ ಎಥನಾಲ್ ಅದು. ಕಬ್ಬು ಬೆಳೆಯೋ ಮಂಡ್ಯದಲ್ಲಿ ಕೂತು ಅದನ್ನು ಬೈಯೋಕೆ ನನಗೆ ಮನಸ್ಸು ಬರೋದಿಲ್ಲ. ಪೈಪು ಬದಲಾಯಿಸಿಕೊಳ್ಳಬೇಕು, ಅಷ್ಟೇ. ಎಥನಾಲ್ ತಡೆಯುವ ಪೈಪು ಒಂದು ಮೀಟರಿಗೆ ಮುನ್ನೂರು ಚಿಲ್ಲರೆ ಕೊಟ್ಟ ನೆನಪು.

ಪೈಪು ಹಾಕಿ ಧೈರ್ಯವಾಗಿ ಗಾಡಿ ಕೊಟ್ಟೆ. ನಾಲ್ಕೇ ದಿನಕ್ಕೆ ಫೋನು. ಕಿರಂಗೂರು ದಾಟಿ ಪಶ್ಚಿಮವಾಹಿನಿ ಹತ್ತಿರ ನಿಂತಿದೆ. ‘ನಿನ್ನ ಡ್ರಿಪ್ ಸುಳ್ಳು, ಪೈಪು ಬದಲಾಯಿಸಿ ದುಡ್ಡು ತಗೊಂಡೆ’ ಅನ್ನೋ ಮಾತು ಊರೆಲ್ಲ ಆಯಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಮೇಷ್ಟ್ರು ಒಂದು ಮಾತು ಹೇಳಿದ್ದರು: “ಮುಂಚೆ ಕೆಮ್ಮಿ ಕೆಮ್ಮಿ ನಿಲ್ಲೋದು. ಈಗ ಸ್ವಿಚ್ ಆರಿಸಿದ ಹಾಗೆ ನಿಂತುಬಿಡ್ತಪ್ಪ.” ಅದೇ ನನಗೆ ದಾರಿ ತೋರಿಸಿತು. ಕಾಯಿಲೆ ಎರಡಿವೆ. ಮೊದಲನೆಯದು ಬೇಗ ನಿಲ್ಲಿಸುತ್ತಿದ್ದರಿಂದ ಎರಡನೆಯದು ಹೊರಗೆ ಬಂದೇ ಇರಲಿಲ್ಲ.

ಮತ್ತೆ ರಸ್ತೆಗೆ ಇಳಿದೆ. ನಿಂತಾಗ ಟಿನ್ ಕಟ್ಟಿದೆ. ಸ್ಟಾರ್ಟ್ ಆಗಲಿಲ್ಲ. ಕಾಯಿಲ್ಲಿನ ಪ್ಲಸ್ಸಿಗೆ ಮೀಟರ್ ಇಟ್ಟೆ. 12 ವೋಲ್ಟ್ ತೋರಿಸಿತು. ಹಿಂದಿನ ಎಲೆಕ್ಟ್ರಿಷಿಯನ್ನೂ ಇಷ್ಟೇ ನೋಡಿ ‘ಕರೆಂಟ್ ಸರಿ ಇದೆ’ ಅಂದಿದ್ದು. ಆ ದಿನ ನಾನೂ ಮೋಸ ಹೋಗಿ, ಕಾಯಿಲ್ ಮತ್ತೆ ಬದಲಾಯಿಸಿ ಸಾವಿರದ ಹತ್ತಿರ ಕೈಯಿಂದ ಕಳೆದುಕೊಂಡೆ. ಪಾಯಿಂಟ್ ತೆರೆದುಕೊಂಡಿದ್ದರೆ ಕಾಯಿಲ್ಲಿನಲ್ಲಿ ಕರೆಂಟ್ ಹರಿಯೋದಿಲ್ಲ. ಹರಿಯದಿದ್ದರೆ ಎಷ್ಟೇ ಕೆಟ್ಟ ಕಾಂಟ್ಯಾಕ್ಟ್ ಇದ್ದರೂ ಮೀಟರ್ ಪೂರ್ತಿ ವೋಲ್ಟೇ ತೋರಿಸುತ್ತೆ. ಮುಂದಿನ ಸಲ ಡೆಲ್ಕೊ (ಪಾಯಿಂಟ್ ಇರೋ ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆದು, ಪಾಯಿಂಟ್ ಮುಚ್ಚಿಕೊಳ್ಳುವವರೆಗೆ ಇಂಜಿನ್ ತಿರುಗಿಸಿ ಮೀಟರ್ ಇಟ್ಟೆ. ಬ್ಯಾಟರಿಯಲ್ಲಿ 12ರ ಮೇಲೆ. ಕಾಯಿಲ್ಲಿನಲ್ಲಿ 8 ಚಿಲ್ಲರೆ. ಅಲ್ಲಿಂದ ವೈರ್ ಹಿಡಿದು ಒಂದೊಂದೇ ಜಾಯಿಂಟಿನ ಈಚೆ ಆಚೆ ಮೀಟರ್ ಇಡುತ್ತಾ ಹಿಂದಕ್ಕೆ ಬಂದೆ. ಇಗ್ನಿಷನ್ ಸ್ವಿಚ್ಚಿನ ಎರಡು ತುದಿಯ ನಡುವೆಯೇ ಮೂರು ವೋಲ್ಟ್ ಹತ್ತಿರ ಹೋಗ್ತಿತ್ತು. ಸ್ವಿಚ್ಚಿನ ಹಿಂಭಾಗ ಮುಟ್ಟಿದರೆ ಬೆರಳು ಸುಡುವಷ್ಟು ಬಿಸಿ. ಬ್ಯಾಟರಿಯಿಂದ ಕಾಯಿಲ್ಲಿಗೆ ನೇರ ವೈರ್ ಮುಟ್ಟಿಸಿದೆ. ರಸ್ತೆ ಬದಿಯಲ್ಲೇ ಇಂಜಿನ್ ಎದ್ದಿತು.

ಸ್ವಿಚ್ ಬದಲಾಯಿಸಿದೆ. ಅದರ ಜೊತೆಗೆ ಕಾಯಿಲ್ಲಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸೋ ಸ್ವಿಚ್) ಹಾಕಿ, ಫ್ಯೂಸ್ ಇಟ್ಟು, ಬ್ಯಾಟರಿಯಿಂದ ನೇರ ಲೈನ್ ಕೊಟ್ಟೆ. ಇನ್ನು ಸ್ವಿಚ್ಚಿನ ಮೇಲೆ ಭಾರವಿಲ್ಲ. ಪೈಪು, ಸ್ವಿಚ್ಚು, ರಿಲೇ, ವೈರು ಎಲ್ಲ ಸೇರಿ ಸಾವಿರದ ಐನೂರು ದಾಟಿರಲಿಕ್ಕಿಲ್ಲ. ರಿಲೇ ಎಲ್ಲಿ ಕೂರಿಸಿದರೆ ಮಳೆನೀರೂ ತಾಗೋದಿಲ್ಲ, ಇಂಜಿನ್ ಬಿಸಿಯೂ ತಾಗೋದಿಲ್ಲ ಅನ್ನೋದನ್ನು ಮಾತ್ರ ಹೇಳೋದಿಲ್ಲ. ಆ ಜಾಗ ಹುಡುಕೋಕೆ ನನಗೆ ಎರಡು ಮಳೆಗಾಲ ಹಿಡಿದಿದೆ.

ಕೈ ಸುಮ್ಮನಿರಲಿಲ್ಲ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಜೆಟ್ಟಿನ ಮೇಲೂ ಒಂದು ಪ್ರಯೋಗ ಮಾಡಿದೆ. ಎಥನಾಲ್ ಇರುವ ಪೆಟ್ರೋಲಿಗೆ ಗಾಳಿ ಕಡಿಮೆ ಸಾಕು, ಹಳೇ ಜೆಟ್ಟಿನಲ್ಲಿ ಗಾಳಿ ಹೆಚ್ಚಾಗಿ ಮಿಶ್ರಣ ತೆಳ್ಳಗಾಗುತ್ತೆ. ಪ್ಲಗ್ ಬಿಚ್ಚಿದರೆ ಸುಣ್ಣದ ಹಾಗೆ ಬೆಳ್ಳಗಿತ್ತು. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದೆ. ಪ್ಲಗ್ ಕಾಫಿ ಬಣ್ಣಕ್ಕೆ ಬಂತು, ಪಿಕಪ್ಪೂ ಬಂತು. ಮೈಲೇಜ್ ಲೀಟರಿಗೆ ಅರ್ಧ ಕಿಲೋಮೀಟರ್ ಇಳಿದಿರಬಹುದು. ಎರಡು ಸೈಜ್ ಏರಿಸಿ ನೋಡಿದೆ, ಬರೀ ಹೊಗೆ. ಒಂದೇ ಸೈಜಿಗೆ ವಾಪಸ್ ಬಂದೆ.

ಮೇ ತಿಂಗಳ ಮಧ್ಯಾಹ್ನ, ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಂಡ್ಯದಿಂದ ಎಲ್ಲೂ ನಿಲ್ಲಿಸದೆ ಚಾಮುಂಡಿ ಬೆಟ್ಟ ಹತ್ತಿಸಿದೆ. ಮೇಲೆ ಹೋಗಿ ಇಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು, ಬಾನೆಟ್ ಎತ್ತದೆ ಮತ್ತೆ ಕೀ ತಿರುಗಿಸಿದೆ. ಅರ್ಧ ಸೆಲ್ಫ್‌ಗೆ ಹಿಡಿಯಿತು. ಮೇಷ್ಟ್ರು ಏನೂ ಮಾತಾಡಲಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಅದಾಗಿ ಎಂಟು ತಿಂಗಳು. ಒಂದು ಸಲವೂ ನಿಂತಿಲ್ಲ. ಸೀಳಿದ ಪೈಪು, ಸುಟ್ಟ ಸ್ವಿಚ್ಚು ಎರಡನ್ನೂ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ. ಗುಜರಿ ಅಂದವರೇ ಹೋದ ವಾರ ಒಂದು ಅಂಬಾಸಿಡರ್ ಕಳಿಸಿದ್ದಾರೆ. ಅದೂ ಬಿಸಿಯಾದರೆ ನಿಲ್ಲುತ್ತಂತೆ. ನಾಳೆ ಬೆಳಿಗ್ಗೆ ಟಿನ್, ಮೀಟರ್ ಡಿಕ್ಕಿಗೆ ಹಾಕಿಕೊಂಡು ಹೊರಡೋದು.