ಆಂಪ್ಲಿಫೈಯರ್‌ನ ಗುಡುಗುಡು ಸದ್ದು ನಿಂತದ್ದು ಹೀಗೆ

ಎಲ್‌ಎಂ386 ಎಂಬ, ದನಿ ಹೆಚ್ಚಿಸುವ ಐಸಿ (ಚಿಪ್) ಹಾಕಿ ಒಂದು ಚಿಕ್ಕ ಆಂಪ್ಲಿಫೈಯರ್ ಮಾಡಿದ್ದೆ. 9 ವೋಲ್ಟ್ ಬ್ಯಾಟರಿ, 8 ಓಮ್ ಸ್ಪೀಕರ್. ಸಣ್ಣ ದನಿಯಲ್ಲಿ ಹಾಡು ಚೆನ್ನಾಗಿಯೇ ಕೇಳುತ್ತಿತ್ತು. ವಾಲ್ಯೂಮ್ ಅರ್ಧಕ್ಕಿಂತ ಜಾಸ್ತಿ ಮಾಡಿದರೆ ಸಾಕು, ಮೋಟಾರ್ ದೋಣಿಯ ಹಾಗೆ ಗುಡುಗುಡು ಶುರು.

ಮೊದಲು ಐಸಿ ಮೇಲೆಯೇ ಅನುಮಾನ ಬಂತು. ಹೊಸದು ಹಾಕಿದೆ, ಅದೇ ಸದ್ದು. ಸುಮ್ನೆ ಭಾಗಗಳನ್ನು ಬದಲಿಸುವ ಮೊದಲು ಅಳೆದು ನೋಡಬೇಕಿತ್ತು.

ವಾಲ್ಯೂಮ್ ಸೊನ್ನೆಯಲ್ಲಿಟ್ಟು ಮಲ್ಟಿಮೀಟರ್ ಹಿಡಿದೆ. ಔಟ್‌ಪುಟ್ ಇರುವ ಪಿನ್ 5ರಲ್ಲಿ ಸಪ್ಲೈನ ಸುಮಾರು ಅರ್ಧ ವೋಲ್ಟೇಜ್ ಇರಬೇಕು, ಇತ್ತು. ಹಾಗಾದರೆ ಐಸಿ ಸರಿ ಇದೆ ಅಲ್ವಾ? ಆಮೇಲೆ ಸಪ್ಲೈ ಬರುವ ಪಿನ್ 6ರಲ್ಲಿ ಮೀಟರ್ ಇಟ್ಟು ವಾಲ್ಯೂಮ್ ಏರಿಸಿದೆ. ವೋಲ್ಟೇಜ್ ಕುಸಿದು ಕುಣಿಯತೊಡಗಿತು! ಬ್ಯಾಟರಿ ಹಳೆಯದಾದಂತೆ ಅದರ ಒಳಗಿನ ರೆಸಿಸ್ಟೆನ್ಸ್ ಹೆಚ್ಚುತ್ತದೆ. ಸ್ಪೀಕರ್ ಕರೆಂಟ್ ಎಳೆದಾಗಲೆಲ್ಲ ಸಪ್ಲೈ ಇಳಿಯುತ್ತದೆ, ಆ ಏರಿಳಿತ ಮತ್ತೆ ಐಸಿ ಒಳಗೆ ಹೋಗಿ ಸುತ್ತು ಹಾಕುತ್ತದೆ. ಅದೇ ಈ ಗುಡುಗುಡು.

ಪಿನ್ 6 ಮತ್ತು ಗ್ರೌಂಡ್ (ಬ್ಯಾಟರಿಯ ನೆಗೆಟಿವ್ ಕಡೆ) ನಡುವೆ, ಐಸಿಗೆ ತೀರಾ ಹತ್ತಿರದಲ್ಲಿ, 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಅದು ಚಾರ್ಜ್ ಕೂಡಿಟ್ಟುಕೊಂಡು, ಸಪ್ಲೈ ಇಳಿದಾಗ ಕೊಡುತ್ತದೆ. ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್‌ನದು ಒಂದು. ಗುಡುಗುಡು ನಿಂತೇಹೋಯಿತು. ಆ ಕ್ಷಣದ ಖುಷಿ ಹೇಳತೀರದು.

ಇನ್ನೂ ಸ್ವಲ್ಪ ಕರಕರ ಉಳಿದಿತ್ತು. ಪಿನ್ 5ರಿಂದ ಗ್ರೌಂಡ್‌ಗೆ 10 ಓಮ್ ರೆಸಿಸ್ಟರ್ ಮತ್ತು 0.05 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದರ ಹಿಂದೆ ಒಂದಾಗಿ (ಸೀರೀಸ್‌ನಲ್ಲಿ) ಜೋಡಿಸಿದೆ. ಸ್ಪೀಕರ್‌ನ ಗ್ರೌಂಡ್ ವೈರನ್ನು ಇನ್‌ಪುಟ್‌ನ ಜೊತೆ ಸೇರಿಸದೆ ನೇರವಾಗಿ ದೊಡ್ಡ ಕೆಪಾಸಿಟರ್‌ನ ನೆಗೆಟಿವ್ ಕಾಲಿಗೆ ಎಳೆದೆ. ಈಗ ಮುಕ್ಕಾಲು ವಾಲ್ಯೂಮ್‌ನಲ್ಲೂ ದನಿ ಸ್ವಚ್ಛವಾಗಿದೆ.