ಹಾರ್ಡೋ ಸಾಫ್ಟೋ: ಇಂಟರ್‌ನೆಟ್ ಕಂಪನಿಯ ಬಾಯಿ ಬಿಡಿಸಿದ್ದು ಹೀಗೆ

ಹೋದ ತಿಂಗಳು ಹೊಸ ಮನೆಗೆ ಇಂಟರ್‌ನೆಟ್ ಬಂತು. ಅಮೆರಿಕದಲ್ಲಿ ಕನೆಕ್ಷನ್ ಕೊಡುವ ಮುಂಚೆ ಕಂಪನಿ ನಮ್ಮ ಸಾಲ-ಬಾಕಿಯ ಚರಿತ್ರೆ, ಅಂದರೆ ಕ್ರೆಡಿಟ್ ರಿಪೋರ್ಟ್, ನೋಡುವುದುಂಟು. ಕ್ರೆಡಿಟ್ ಸ್ಕೋರ್ ಇಳಿಸಬಲ್ಲ ನೋಟ ಹಾರ್ಡ್ ಪುಲ್, ಇಳಿಸದ್ದು ಸಾಫ್ಟ್ ಪುಲ್. ನನಗೆ ಹಾರ್ಡ್ ಪುಲ್ ಇಲ್ಲ, ಡಿಪಾಸಿಟ್ ಇಲ್ಲ. ಅಮೆರಿಕಕ್ಕೆ ಬಂದು ಆರು ವರ್ಷದಲ್ಲಿ ಇದು ನಾಲ್ಕನೇ ಮನೆ, ಈ ಸಲವೇ ಲೆಕ್ಕ ಸರಿಹೋಗಿದ್ದು. "ಸುಮ್ನೆ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್, ನಮ್ಮ ಆಧಾರ್ ಇದ್ದ ಹಾಗೆ) ಕೊಟ್ಟು ಮುಗಿಸಪ್ಪ, ಅವರು ನೆಟ್ಟಗೆ ಉತ್ತರ ಕೊಡಲ್ಲ" ಎಂದಿದ್ದ ಗೆಳೆಯರಿಗೆಲ್ಲ ಕಂಪನಿಯ ಜೊತೆಗಿನ ಚಾಟ್‌ನ ಪಿಡಿಎಫ್ ಕಳಿಸಿದ್ದೇನೆ.

ಮೊದಲ ಮನೆಯಲ್ಲಿ ಫೋನ್‌ನಲ್ಲಿ ಕೇಳಿ ಕೆಟ್ಟೆ. "ಬರೀ ಗುರುತು ನೋಡೋದು ಅಷ್ಟೇ" ಎಂದರು. ಎರಡೇ ದಿನಕ್ಕೆ ಹಾರ್ಡ್ ಪುಲ್ ಆಗಿದೆಯೆಂದು ಅಲರ್ಟ್. ಸ್ಕೋರ್ ಏಳೆಂಟು ಪಾಯಿಂಟ್ ಇಳಿದಿತ್ತು. ಆಗಲೇ ಕಾರ್ ಲೋನ್‌ಗೆ ಓಡಾಡುತ್ತಿದ್ದೆ. ಕಡಿಮೆ ಬಡ್ಡಿಯ ಗೆರೆ ಕೂದಲೆಳೆಯಲ್ಲಿ ತಪ್ಪಿತು, ಒಟ್ಟು 300 ಡಾಲರ್ ಹತ್ತಿರ ಹೋಯ್ತು. "ಎಂಟು ಪಾಯಿಂಟ್‌ಗೆ ಇಷ್ಟೊಂದು ರಾಮಾಯಣಾನಾ ರೀ?" ಎಂದಿದ್ದ ನನ್ನಾಕೆ ಆ ಲೆಕ್ಕ ನೋಡಿ ಸುಮ್ಮನಾದಳು.

ಎರಡನೇ ಮನೆಯಲ್ಲಿ ಎಸ್‌ಎಸ್‌ಎನ್ ಕೊಡಲ್ಲ ಎಂದು ಹಟ ಹಿಡಿದೆ. ಡಿಪಾಸಿಟ್ 150 ಡಾಲರ್. ವಾಪಸ್ ಬರಲು ಹದಿನಾಲ್ಕು ತಿಂಗಳು, ಐದಾರು ಫೋನ್.

ಮೂರನೇ ಸಲ ಕ್ರೆಡಿಟ್ ರಿಪೋರ್ಟ್ ಇಡುವ ಬ್ಯೂರೋಗಳಾದ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರಕ್ಕೂ ಫ್ರೀಜ್ ಹಾಕಿದೆ, ಅಂದರೆ ಹೊಸ ಕಂಪನಿಗಳು ರಿಪೋರ್ಟ್ ತೆರೆಯದಂತೆ ಬೀಗ. 2018ರಿಂದ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೂ ಕಂಪನಿ ಡಿಪಾಸಿಟ್ ಕೇಳಿತು! ಎಲ್ಲಿ ನೋಡಿದರಪ್ಪ ಎಂದು ತಲೆ ಕೆರೆದುಕೊಂಡೆ. ಎನ್‌ಸಿಟಿಯುಇ ಅಂತ ಇನ್ನೊಂದು ಕಡೆ ಫೋನ್, ಕೇಬಲ್, ಕರೆಂಟ್ ಕಂಪನಿಗಳ ಬಾಕಿ ಲೆಕ್ಕ ಇರುತ್ತದೆ. ಅಲ್ಲಿಗೆ ಫ್ರೀಜ್ ಬೇರೆಯೇ ಹಾಕಬೇಕು. ರಿಪೋರ್ಟ್ ತರಿಸಿದರೆ, ಹಳೇ ಮನೆಯ ಮೋಡೆಮ್ ಕೊಟ್ಟಿಲ್ಲವೆಂದು 90 ಡಾಲರ್ ಬಾಕಿ ಕೂತಿದೆ. ಪುಣ್ಯಕ್ಕೆ ಮೋಡೆಮ್ ಕೊಟ್ಟ ರಸೀದಿ ಶೂ ಡಬ್ಬಿಯಲ್ಲಿತ್ತು. ಅದರ ಫೋಟೋ ಕಳಿಸಿ ತೆಗೆಸಿದೆ.

ಈ ಸಲ ಫೋನ್ ಮುಟ್ಟಲೇ ಇಲ್ಲ, ಚಾಟ್ ಮಾತ್ರ. "ಕ್ರೆಡಿಟ್ ಚೆಕ್ ಮಾಡ್ತೀರಾ?" ಎಂದು ಕೇಳಿದರೆ ಕೆಟ್ಟಿರಿ, ತೇಲಿಸಿಬಿಡುತ್ತಾರೆ. ನಾನು ಕೇಳಿದ್ದು: ಹಾರ್ಡಾ ಸಾಫ್ಟಾ? ಯಾವ ಬ್ಯೂರೋ? ಯಾವ ಬಟನ್ ಒತ್ತಿದಾಗ ಚೆಕ್ ಆಗುತ್ತೆ? ಎಸ್‌ಎಸ್‌ಎನ್ ಬದಲು ಪಾಸ್‌ಪೋರ್ಟ್ ಕೊಟ್ಟರೆ ಡಿಪಾಸಿಟ್ ಎಷ್ಟು? "ಅದು ಗಿರಾಕಿಯಿಂದ ಗಿರಾಕಿಗೆ ಬೇರೆ ಬೇರೆ" ಎಂದು ಬಂತು. ಆಗ ಮೆತ್ತಗೆ ಟೈಪ್ ಮಾಡಿದೆ: "ರಿಪೋರ್ಟ್ ನೋಡಿ ಡಿಪಾಸಿಟ್ ಕೇಳಿದರೆ ಬ್ಯೂರೋ ಹೆಸರಿರುವ ಅಡ್ವರ್ಸ್ ಆಕ್ಷನ್ ನೋಟಿಸ್ ಕೊಡ್ತೀರಲ್ವಾ?" ರಿಪೋರ್ಟ್ ನೋಡಿ ಗಿರಾಕಿಗೆ ತೊಂದರೆಯಾಗುವ ತೀರ್ಮಾನ ಮಾಡಿದಾಗ ಕೊಡುವ ಪತ್ರ ಅದು, ಕಾನೂನಿನ ಪ್ರಕಾರ ಕೊಡಲೇಬೇಕು. ಅದು ಬಂದರೆ 60 ದಿನದೊಳಗೆ ಆ ರಿಪೋರ್ಟನ್ನೂ ಪುಕ್ಕಟೆ ತರಿಸಬಹುದು. ನಾಲ್ಕು ನಿಮಿಷ ಪರದೆ ಮೇಲೆ ಮೂರು ಚುಕ್ಕಿ ಕುಣಿದವು. ಆಮೇಲೆ ಸೂಪರ್‌ವೈಸರ್ ಬಂದು ಬ್ಯೂರೋ ಹೆಸರು, ಸಾಫ್ಟ್ ಪುಲ್, ಎರಡನ್ನೂ ಬರೆದು ಕೊಟ್ಟರು. ಯಾವ ವಿಭಾಗದ ಚಾಟ್‌ಗೆ, ಯಾವ ಹೊತ್ತಿಗೆ ಹೋದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಆ ಒಂದೇ ಬ್ಯೂರೋದ ಫ್ರೀಜ್ ಒಂದು ದಿನಕ್ಕೆ ತೆಗೆದೆ, ಆನ್‌ಲೈನ್‌ನಲ್ಲಿ ಗಂಟೆಯೊಳಗೆ ಆಗುತ್ತೆ. ಮಿಕ್ಕಿದ್ದೆಲ್ಲ ಬಂದ್. ಕಂಪನಿ ಸುಳ್ಳು ಹೇಳಿ ಬೇರೆ ಬ್ಯೂರೋದಲ್ಲಿ ನೋಡಲು ಹೋಗಿದ್ದರೆ ಆರ್ಡರ್ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ನಡುವೆ ಒಂದು ಸಂಜೆ ತಮಾಷೆಗೆ ಇನ್ನೊಂದು ಕಂಪನಿಯನ್ನು ಮೂರು ಕಡೆ ಕೇಳಿದೆ. ಫೋನ್‌ನವರು ಹಾರ್ಡ್ ಎಂದರು, ಚಾಟ್‌ನವರು ಸಾಫ್ಟ್, ಅಂಗಡಿಯವರು ಚೆಕ್ಕೇ ಇಲ್ಲ ಎಂದರು. 2024ರಲ್ಲಿ ಇಲ್ಲಿನ ಟೆಲಿಕಾಂ ನಿಯಂತ್ರಕ ಎಫ್‌ಸಿಸಿ ಕಡ್ಡಾಯ ಮಾಡಿದ ಬ್ರಾಡ್‌ಬ್ಯಾಂಡ್ ಲೇಬಲ್‌ನಲ್ಲೂ ಹುಡುಕಿದೆ. ಬೆಲೆ, ಸ್ಪೀಡ್, ಫೀ ಎಲ್ಲ ಇದೆ, ಇದೊಂದೇ ಇಲ್ಲ.

ಮೊನ್ನೆ ರಿಪೋರ್ಟ್ ತೆರೆದೆ. ಕಂಪನಿಯ ಹೆಸರು ಸಾಫ್ಟ್ ಪಟ್ಟಿಯಲ್ಲಿದೆ. ಅದು ನನಗೆ ಬಿಟ್ಟು ಯಾವ ಬ್ಯಾಂಕಿಗೂ ಕಾಣಲ್ಲ.